ಅರೂಬಾದ ಬೋಕಾ ಗ್ರಾಂಡಿಯಲ್ಲಿ ಕೈಟ್‌ಸರ್ಫಿಂಗ್: ನೀರಿಗಿಳಿಯೋ ಮುಂಚೆ ದಡದ ಮೇಲೆ ಮಾಡ್ಬೇಕಾದ ಕೆಲಸ

ಕೈಟ್‌ಸರ್ಫಿಂಗ್ ಅಂದ್ರೆ ಕೈಟ್ ಅನ್ನೋ ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಲ್ಲಿ ಸಾಗೋ ಆಟ. ಅದಕ್ಕೆ ಬೋಕಾ ಗ್ರಾಂಡಿಗೆ ಹೋಗ್ಬೇಕು ಅನ್ನೋರಿಗೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ, ಬೋರ್ಡ್ ಕಾಲಿಂದ ಕಳಚ್ಕೊಂಡು ಹೋದ್ರೆ ಬಾಡಿ ಡ್ರ್ಯಾಗ್ ಮಾಡ್ಕೊಂಡು, ಅಂದ್ರೆ ಬೋರ್ಡ್ ಇಲ್ದೆ ಕೈಟ್ ಎಳೆತದಲ್ಲೇ ಮೈಯನ್ನ ನೀರಲ್ಲಿ ಎಳೆಸ್ಕೊಂಡು, ಗಾಳಿಗೆ ಎದುರಾಗಿ ಹೋಗಿ ಅದನ್ನ ವಾಪಸ್ ತರೋಕೆ ಬರತ್ತಾ? ಬರತ್ತೆ ಅಂದ್ರೆ ಮುಂದಕ್ಕೆ ಓದಿ. "ಒಂದೊಂದ್ಸಲ ಬರತ್ತೆ" ಅಂದ್ರೂ ಓದಿ, ಆದ್ರೆ ಅರೂಬಾಗೆ ಹೋದಾಗ ಕೈಟ್ ಹಾರಿಸೋದು ದ್ವೀಪದ ಆ ಕಡೆ ದಡದಲ್ಲಿ ಇಟ್ಕೊಳಿ, ಬೋಕಾ ಗ್ರಾಂಡಿಯಲ್ಲಿ ಸುಮ್ನೆ ಕೂತು ಬೇರೆಯವರನ್ನ ನೋಡಿ. ಅದೂ ಒಳ್ಳೆ ಪಾಠನೇ.

ಯಾಕಂದ್ರೆ ಈ ಜಾಗ ನೋಡೋಕೆ ಸಲೀಸು ಅನ್ನಿಸಿಬಿಡತ್ತೆ. ಗಾಳಿ ಸಮುದ್ರದ ಕಡೆಯಿಂದ ಓರೆಯಾಗಿ ದಡಕ್ಕೆ ಬೀಸತ್ತೆ, ಏನೇ ಆದ್ರೂ ದಡಕ್ಕೇ ಬಂದು ಬೀಳ್ತೀವಲ್ಲ ಅಂತ ಅನ್ಕೊಳ್ತಾರೆ ಜನ. ದಡಕ್ಕೇನೋ ಬರ್ತೀರಿ, ಆದ್ರೆ ಮರಳು ಇರೋದು ನಡುವಿನ ಭಾಗದಲ್ಲಿ ಮಾತ್ರ, ಎರಡೂ ಬದಿಗೆ ಸುಣ್ಣದ ಕಲ್ಲಿನ ಚೂಪು ಬಂಡೆ. ಎಲ್ಲಿ ಬಂದು ಬೀಳ್ತೀರಿ ಅನ್ನೋದೇ ಇಲ್ಲಿ ಮುಖ್ಯ.

ಜಾಗದ ಪರಿಚಯ ಮೊದಲು

ಅರೂಬಾ ವೆನೆಜುವೆಲಾ ಕರಾವಳಿಯಿಂದ 30 ಕಿ.ಮೀ.ಗೂ ಕಡಿಮೆ ದೂರದಲ್ಲಿರೋ ಪುಟ್ಟ ದ್ವೀಪ, ಉದ್ದ ಸುಮಾರು 32 ಕಿ.ಮೀ., ಅಗಲ ಹತ್ತು ಕಿ.ಮೀ. ಅಷ್ಟೇ. ಟ್ರೇಡ್ ವಿಂಡ್, ಅಂದ್ರೆ ಹೆಚ್ಚುಕಮ್ಮಿ ಒಂದೇ ದಿಕ್ಕಿಂದ ಬೀಸೋ ವಾಣಿಜ್ಯ ಮಾರುತ, ಪೂರ್ವದಿಂದ ಬರತ್ತೆ, ಹಾಗಾಗಿ ದ್ವೀಪಕ್ಕೆ ಎರಡು ಮುಖ. ಪಶ್ಚಿಮದ ಕಡೆ ಹೋಟೆಲ್ಲು, ಪಾಮ್ ಬೀಚು, ಅದರ ಉತ್ತರಕ್ಕೆ ಫಿಶರ್‌ಮನ್ಸ್ ಹಟ್ಸ್, ಊರಿನವರ ಬಾಯಲ್ಲಿ ಹಾಡಿಕುರಾರಿ. ನೀರು ಸಪಾಟು, ಆಳ ಕಡಿಮೆ, ಕ್ಲಾಸ್ ನಡೆಯೋದೆಲ್ಲ ಅಲ್ಲೇ. ಪೂರ್ವದ ಕಡೆ ಕಲ್ಲು, ಕಳ್ಳಿ ಗಿಡ, ಅಲೆ, ಗಾಳಿ. ಈ ದಡದ ಕೊಲ್ಲಿಗಳಿಗೆಲ್ಲ ಅಲ್ಲಿಯವರು ಬೋಕಾ ಅಂತಾರೆ, ಬಹಳಷ್ಟು ಬೋಕಾಗಳಲ್ಲಿ ಈಜೋಕೂ ಇಳಿಯಲ್ಲ, ಸೆಳೆತ ಅಷ್ಟಿರತ್ತೆ. ಬೋಕಾ ಗ್ರಾಂಡಿ ದ್ವೀಪದ ಆಗ್ನೇಯ ತುದಿಯಲ್ಲಿ, ಸ್ಯಾನ್ ನಿಕೊಲಾಸ್ ಊರು ದಾಟಿ ಸೆರೋ ಕೊಲೊರಾಡೊ ಕಡೆ ಹೋಗೋ ದಾರಿಯಲ್ಲಿ ಸಿಗತ್ತೆ. ದಾರಿ ಬದಿ ದೊಡ್ಡ ಕೆಂಪು ಲಂಗರು ನಿಲ್ಸಿದ್ದಾರೆ, ಅದು ಕಂಡ್ರೆ ಹತ್ರ ಬಂದ್ರಿ ಅಂತ ಅರ್ಥ.

ಇಲ್ಲಿ ಇಷ್ಟು ಗಾಳಿ ಯಾಕೆ ಅಂತ ತಿಳ್ಕೊಂಡ್ರೆ ಯಾವ ತಿಂಗಳು ಹೋಗ್ಬೇಕು ಅನ್ನೋದೂ ತಾನಾಗೇ ಗೊತ್ತಾಗತ್ತೆ. ಉತ್ತರ ಅಟ್ಲಾಂಟಿಕ್ ಮೇಲೆ ಹೆಚ್ಚು ಒತ್ತಡದ ವಲಯ, ದಕ್ಷಿಣ ಅಮೆರಿಕದ ಬಿಸಿ ನೆಲದ ಮೇಲೆ ಕಡಿಮೆ ಒತ್ತಡ, ಇವೆರಡರ ನಡುವೆ ಗಾಳಿ ಹಿಂಡಿದ ಹಾಗೆ ನುಗ್ಗತ್ತೆ. ಹವಾಮಾನದವರು ಇದನ್ನ ಕೆರಿಬಿಯನ್ ಲೋ ಲೆವೆಲ್ ಜೆಟ್ ಅಂತಾರೆ. ಅದು ವರ್ಷದಲ್ಲಿ ಎರಡು ಸಲ ಜೋರಾಗತ್ತೆ, ಜೂನ್-ಜುಲೈಯಲ್ಲಿ ದೊಡ್ಡದಾಗಿ, ಫೆಬ್ರವರಿ ಆಸುಪಾಸಲ್ಲಿ ಇನ್ನೊಂದ್ಸಲ. ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಗಾಳಿ ಇಳಿಯತ್ತೆ, ಅರೂಬಾ ಹರಿಕೇನ್‌ಗಳ ಮುಖ್ಯ ದಾರಿಯಿಂದ ದಕ್ಷಿಣಕ್ಕಿದ್ರೂ ಉತ್ತರದಲ್ಲಿ ಯಾವ್ದಾದ್ರೂ ಹರಿಕೇನ್ ಹಾದುಹೋಗ್ತಿದ್ರೆ ಇಲ್ಲಿ ಗಾಳಿ ಸತ್ತೇಹೋಗಬಹುದು ಇಲ್ಲ ದಿಕ್ಕೇ ತಿರುಗಬಹುದು. ಡೊಮಿನಿಕನ್ ರಿಪಬ್ಲಿಕ್‌ನ ಕಬರೆಟೆಯಲ್ಲಿ ಗಾಳಿ ಮಧ್ಯಾಹ್ನ ಎದ್ದು ಸಂಜೆ ಮಲಗತ್ತೆ, ಇಲ್ಲಿ ಹಾಗಲ್ಲ, ಸೀಸನ್‌ನಲ್ಲಿ ಬೆಳಗ್ಗೆ ಎದ್ದಾಗ್ಲೂ ಬೀಸ್ತಿರತ್ತೆ, ರಾತ್ರಿ ಮಲಗೋವಾಗ್ಲೂ ಬೀಸ್ತಿರತ್ತೆ. ಅಲ್ಲಿನ ವಾಟಪಾನ ಮರ ನೋಡಿ, ಹೊರಗಿನವರು ಡಿವಿ ಡಿವಿ ಅಂತಾರಲ್ಲ ಅದು, ಕಾಂಡ ಅರ್ಧ ಆಳೆತ್ತರ ಬೆಳೆಯೋ ಅಷ್ಟರಲ್ಲಿ ಬಾಗಿ, ಕೊಂಬೆ ಎಲ್ಲ ಪಶ್ಚಿಮದ ಕಡೆ ಚಾಚ್ಕೊಂಡು, ಗಾಳಿ ಬರೋ ಕಡೆಗೆ ಒಂದು ರೆಂಬೆನೂ ಇರಲ್ಲ. ಇದೇ ಪೂರ್ವ ದಡದಲ್ಲಿ ವಾಡರ್ ಪೀಟ್ ಅನ್ನೋ ಕಡೆ ಹತ್ತು ದೊಡ್ಡ ಗಾಳಿಯಂತ್ರ ನಿಲ್ಸಿ 2009ರಿಂದ ಕರೆಂಟ್ ತೆಗೀತಿದ್ದಾರೆ.

ಹೋಗೋಕೆ ಮುಂಚೆ ಎಲ್ಲಿ ಕಲಿಯೋದು

ಬೆಂಗಳೂರಲ್ಲಿ ಇರೋರಿಗೆ ನನ್ನ ಸಲಹೆ ರಾಮೇಶ್ವರಂ. ರೈಲಲ್ಲೋ ಕಾರಲ್ಲೋ ಹೋಗೋ ದೂರ, ವರ್ಷಕ್ಕೆ ಎರಡು ಗಾಳಿ ಸೀಸನ್, ಸಪಾಟು ನೀರು, ಕಲಿಸೋರು ಇದ್ದಾರೆ. ಕೈಟ್ ಕಂಟ್ರೋಲು, ವಾಟರ್ ಸ್ಟಾರ್ಟು (ನೀರಲ್ಲಿಂದ ಬೋರ್ಡ್ ಮೇಲೆ ಎದ್ದು ಹೊರಡೋದು), ಅಪ್‌ವಿಂಡ್ (ಗಾಳಿ ಬರೋ ಕಡೆಗೆ) ಹೋಗೋದು, ಸೆಲ್ಫ್ ರೆಸ್ಕ್ಯೂ (ಕೆಟ್ಟಾಗ ನಮ್ಮನ್ನ ನಾವೇ ದಡ ಸೇರಿಸ್ಕೊಳೋದು) ಎಲ್ಲ ಅಲ್ಲೇ ಗಟ್ಟಿ ಮಾಡ್ಕೊಳಿ. ಅಲೆಯ ಪರಿಚಯ ಬೇಕು ಅಂದ್ರೆ ಮೂಲ್ಕಿಯಲ್ಲಿ ಸರ್ಫಿಂಗ್ ಕ್ಲಾಸ್ ಮಾಡಿ, ಕೈಟ್ ಇಲ್ದೆ ಬರೀ ಬೋರ್ಡ್ ಜೊತೆ ಅಲೆ ತಿಂದು ಅಭ್ಯಾಸ ಆದವರಿಗೆ ಬೋಕಾ ಗ್ರಾಂಡಿಯ ನೊರೆನೀರು ಅಷ್ಟು ಗಾಬರಿ ಹುಟ್ಟಿಸಲ್ಲ. ಇದನ್ನ ನಾನು ತುಂಬಾ ನಂಬ್ತೀನಿ.

ಅಮೆರಿಕದಲ್ಲಿರೋ ಕನ್ನಡದವರಿಗೆ ಅರೂಬಾ ಹತ್ರ, ನ್ಯೂಯಾರ್ಕ್ ಕಡೆಯಿಂದ ನಾಲ್ಕೈದು ಗಂಟೆ ವಿಮಾನ. ಎಚ್1ಬಿ ಮೇಲಿರೋರು ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿಲ್ವಾ ನೋಡ್ಕೊಂಡೇ ಟಿಕೆಟ್ ಮಾಡಿ, ವಾಪಸ್ ಬರೋವಾಗ ಅಮೆರಿಕದ ಇಮಿಗ್ರೇಷನ್ ಅರೂಬಾ ಏರ್‌ಪೋರ್ಟಲ್ಲೇ ಆಗೋದ್ರಿಂದ ಬೇಗ ಹೋಗ್ಬೇಕು ಕೂಡ. ಇಂಡಿಯಾದಿಂದ ಹೋಗೋರು ಸಾಮಾನ್ಯವಾಗಿ ಆಮ್‌ಸ್ಟರ್‌ಡ್ಯಾಮ್ ಮೇಲೆ ಹೋಗ್ತಾರೆ, ದ್ವೀಪ ನೆದರ್ಲೆಂಡ್ಸ್ ದೊರೆಯ ಆಳ್ವಿಕೆಗೆ ಸೇರಿದ್ರೂ ಶೆಂಗೆನ್ ಅಲ್ಲ, ವೀಸಾ ನಿಯಮ ಬೇರೆ, ಟಿಕೆಟ್‌ಗೆ ಮುಂಚೆ ಅದನ್ನ ನೋಡಿ.

ಮೊದಲ ದಿನ ಬೋಕಾ ಗ್ರಾಂಡಿ ಬೇಡ

ಎಷ್ಟೇ ಅನುಭವ ಇದ್ರೂ ಮೊದಲ ದಿನ ಫಿಶರ್‌ಮನ್ಸ್ ಹಟ್ಸ್‌ಗೆ ಹೋಗಿ. ಪ್ರಯಾಣದ ಸುಸ್ತು, ಹೊಸ ಗಾಳಿ, ಬಾಡಿಗೆಗೆ ತಗೊಂಡಿದ್ರೆ ಹೊಸ ಗೇರ್ ಬೇರೆ, ಇದೆಲ್ಲ ಸಪಾಟು ನೀರಲ್ಲಿ ಸರಿಮಾಡ್ಕೊಳೋದು ಸುಲಭ. ಆದ್ರೆ ಅಲ್ಲಿ ಅಪಾಯ ಇಲ್ಲ ಅಂತಲ್ಲ, ಅಲ್ಲಿ ಅಪಾಯ ಉಲ್ಟಾ. ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸತ್ತೆ, ಕೈಟ್ ಬಿದ್ದು ಏಳಲಿಲ್ಲ ಅಂದ್ರೆ ಹೊರಗೆ ತಳ್ತಾ ಹೋಗತ್ತೆ, ಆ ದಿಕ್ಕಲ್ಲಿ ಮುಂದೆ ಬರೀ ಸಮುದ್ರ. ಅದಕ್ಕೆ ಅಲ್ಲಿ ರೆಸ್ಕ್ಯೂ ಬೋಟ್ ಇರೋ ಸ್ಕೂಲ್‌ಗೆ ಹೇಳಿ, ದುಡ್ಡು ಕೊಟ್ಟು, ಅವರ ಕಣ್ಣಳತೆಯಲ್ಲೇ ಆಡಿ. ಬೋಕಾ ಗ್ರಾಂಡಿಯಲ್ಲಿ ಗಾಳಿ ವಾಪಸ್ ತರತ್ತೆ ಆದ್ರೆ ಬೋಟ್ ಬರಲ್ಲ. ಒಂದು ಕಡೆ ಹೊರಗೆ ಒಯ್ಯತ್ತೆ, ಇನ್ನೊಂದು ಕಡೆ ಬಂಡೆಗೆ ತರತ್ತೆ, ಎರಡಕ್ಕೂ ತಯಾರಿ ಬೇರೆ ಬೇರೆ.

ಫಿಶರ್‌ಮನ್ಸ್ ಹಟ್ಸ್‌ನಲ್ಲಿ ಇರೋ ಕೈಟರ್‌ಗಳ ಹತ್ರ ಮಾತಾಡಿ, ನಾಳೆ ಬೋಕಾ ಗ್ರಾಂಡಿಗೆ ಯಾರು ಹೋಗ್ತಿದ್ದಾರೆ ಕೇಳಿ, ಅವರ ಜೊತೆ ಹೋಗಿ. ಒಬ್ಬರೇ ಹೋಗೋದು ಬೇಡವೇ ಬೇಡ. ಹೋಗಿ ನೋಡಿದಾಗ ಬೀಚ್ ಖಾಲಿ ಇದ್ರೆ ಅವತ್ತು ಬೇಬಿ ಬೀಚ್ ಪಕ್ಕದಲ್ಲೇ ಇದೆ, ಸ್ನಾರ್ಕೆಲ್ ಹಾಕ್ಕೊಂಡು ಮೀನು ನೋಡಿ ಬನ್ನಿ.

ಏನೇನು ತಗೊಂಡು ಹೋಗ್ಬೇಕು

ಕೈಟ್ ಸೈಜ್ ವಿಷಯ ಮೊದಲು. ಗಾಳಿ ಲೆಕ್ಕ ನಾಟ್‌ನಲ್ಲಿ, ಒಂದು ನಾಟ್ ಅಂದ್ರೆ ಗಂಟೆಗೆ 1.85 ಕಿ.ಮೀ. ಸೀಸನ್‌ನಲ್ಲಿ ಇಲ್ಲಿ 20ರಿಂದ 25 ನಾಟ್ ಮಾಮೂಲಿ, ಜೂನ್‌ನಲ್ಲಿ ಅದಕ್ಕಿಂತ ಜಾಸ್ತಿ ಆದ್ರೂ ಆಶ್ಚರ್ಯ ಇಲ್ಲ. 75 ಕೆ.ಜಿ. ತೂಕದವರಿಗೆ 20 ನಾಟ್‌ಗೆ 9 ಚದರ ಮೀಟರ್ ಕೈಟ್, 25ಕ್ಕೆ 7, ಅದಕ್ಕೂ ಮೇಲೆ 5-6, ಹೆಚ್ಚುಕಮ್ಮಿ ಹೀಗೆ ಬರತ್ತೆ. ಇಲ್ಲಿ ನೆನಪಿಡಬೇಕಾದ್ದು ಏನಂದ್ರೆ ಗಾಳಿ ಒಂದೂವರೆ ಪಟ್ಟು ಆದ್ರೆ ಎಳೆತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು, ಯಾಕಂದ್ರೆ ಎಳೆತ ವೇಗದ ವರ್ಗದ ಹಾಗೆ ಏರತ್ತೆ. 20 ನಾಟ್‌ಗೆ ಹಿತವಾಗಿದ್ದ ಕೈಟ್ 30 ನಾಟ್‌ನ ಒಂದು ಗಸ್ಟ್ (ದಿಢೀರ್ ಏರೋ ಗಾಳಿ) ಬಂದ್ರೆ ನಿಮ್ಮನ್ನ ಎತ್ತಿ ಒಗೆಯತ್ತೆ. ಎರಡು ಸೈಜ್ ಮಧ್ಯೆ ಅನುಮಾನ ಇದ್ರೆ ಚಿಕ್ಕದನ್ನೇ ಎತ್ತಿ.

ಅಲೆಗೆ ಡೈರೆಕ್ಷನಲ್ ಬೋರ್ಡ್ (ಸರ್ಫ್‌ಬೋರ್ಡ್ ಹಾಗೆ ಒಂದೇ ಕಡೆ ಮೂತಿ ಇರೋದು) ಒಳ್ಳೇದು, ಟ್ವಿನ್ ಟಿಪ್‌ನಲ್ಲೂ (ಎರಡೂ ಕಡೆ ಒಂದೇ ಥರ ಇರೋದು) ಆಗತ್ತೆ. ಬೋರ್ಡ್‌ಗೆ ಲೀಶ್ (ಮೈಗೆ ಸೇರಿಸೋ ಹಗ್ಗ) ಕಟ್ಕೋಬೇಡಿ, ಅಲೆಯಲ್ಲಿ ಬಿದ್ದಾಗ ಆ ಬೋರ್ಡ್ ರಬ್ಬರ್ ಎಳೆದು ಬಿಟ್ಟ ಹಾಗೆ ವಾಪಸ್ ತಲೆಗೇ ಬರತ್ತೆ. ಹೆಲ್ಮೆಟ್, ಪೆಟ್ಟು ತಡೆಯೋ ಇಂಪ್ಯಾಕ್ಟ್ ವೆಸ್ಟ್, ಹಾರ್ನೆಸ್‌ಗೆ (ಕೈಟ್ ಎಳೆತ ತಡ್ಕೊಳೋ ಸೊಂಟದ ಪಟ್ಟಿ) ಸಿಗಿಸಿದ, ಕೈಟ್ ದಾರ ಅಂದ್ರೆ ಲೈನ್ ಕತ್ತರಿಸೋ ಚಾಕು, ಇವು ಮೂರೂ ಇರ್ಲೇಬೇಕು. ಕಾಲಿಗೆ ತೆಳು ಬೂಟೀ ಇದ್ರೆ ಒಳ್ಳೇದು, ಹವಳದ ಕಲ್ಲು, ಮುಳ್ಳಿನ ಸಮುದ್ರ ಜೀವಿ ಎರಡೂ ಇವೆ. ನೀರು ವರ್ಷವಿಡೀ ಬೆಚ್ಚಗೆ ಇರೋದ್ರಿಂದ ವೆಟ್‌ಸೂಟ್ ಬೇಡ, ಉದ್ದ ತೋಳಿನ ಲೈಕ್ರಾ ಸಾಕು, ಅದು ಬಿಸಿಲಿಗೆ. ಗಾಳಿ ತಣ್ಣಗೆ ಬಡೀತಿರತ್ತಲ್ಲ, ಚರ್ಮ ಸುಡ್ತಿರೋದೇ ಗೊತ್ತಾಗಲ್ಲ. ಸನ್‌ಸ್ಕ್ರೀನ್‌ನಲ್ಲಿ ಆಕ್ಸಿಬೆನ್‌ಜೋನ್ ಇರ್ಬಾರ್ದು, ಹವಳ ಸಾಯತ್ತೆ ಅಂತ ಅರೂಬಾ ಅದನ್ನ ನಿಷೇಧ ಮಾಡಿದೆ. ಕುಡಿಯೋ ನೀರು, ತಿನ್ನೋಕೆ ಏನಾದ್ರೂ, ಫಸ್ಟ್ ಏಡ್, ಫೋನು. ನಲ್ಲಿ ನೀರು ಸಮುದ್ರದ ನೀರನ್ನ ಉಪ್ಪು ತೆಗೆದು ಕೊಡೋದು, ಧೈರ್ಯವಾಗಿ ಬಾಟ್ಲಿ ತುಂಬ್ಕೊಳಿ. ಎಮರ್ಜೆನ್ಸಿಗೆ 911.

ಅರ್ಧ ಗಂಟೆ ಸುಮ್ನೆ ನಿಂತು ನೋಡಿ

ಈ ಹಂತವನ್ನೇ ಜನ ಬಿಟ್ಟುಬಿಡ್ತಾರೆ, ಕಾರ್ ನಿಲ್ಸಿದ ತಕ್ಷಣ ಪಂಪ್ ಕೈಗೆ ತಗೊಳ್ತಾರೆ. ದಯವಿಟ್ಟು ಬೇಡ. ಕೈಟ್ ಬ್ಯಾಗ್ ಕಾರಲ್ಲೇ ಇರಲಿ. ಗಾಳಿಗೆ ಮುಖ ಕೊಟ್ಟು ನಿಂತ್ಕೊಳಿ, ಎರಡೂ ಕಿವಿಗೆ ಒಂದೇ ಥರ ಶಬ್ದ ಬರೋ ತನಕ ತಲೆ ತಿರುಗಿಸಿ, ಆ ದಿಕ್ಕೇ ಗಾಳಿ ದಿಕ್ಕು. ಈಗ ಬೆನ್ನ ಕಡೆ ಕೈ ಚಾಚಿ, ಕೈ ತೋರಿಸ್ತಿರೋದೇ ಡೌನ್‌ವಿಂಡ್, ನಿಮಗೆ ಏನೇ ಎಡವಟ್ಟಾದ್ರೂ ಹೋಗಿ ಸೇರೋದು ಆ ಕಡೆಗೆ. ಅಲ್ಲಿ ಮರಳಿದ್ಯಾ, ಬಂಡೆ ಇದ್ಯಾ, ಮರಳು ಮುಗಿದು ಬಂಡೆ ಶುರುವಾಗೋ ಜಾಗ ಎಲ್ಲಿದೆ, ಅಲ್ಲಿ ತನಕ ನಡ್ಕೊಂಡು ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ಆ ಅಂಚಲ್ಲಿ ಇರೋ ಒಂದು ಪೊದೆಯೋ ಬಣ್ಣದ ಕಲ್ಲೋ ಗುರುತು ಇಟ್ಕೊಳಿ, ನೀರಿನಿಂದ ನೋಡಿದ್ರೂ ಕಾಣೋ ಅಂಥದ್ದು. ಆ ಗುರುತಿಗಿಂತ ಸಾಕಷ್ಟು ಮುಂಚೆ ಇನ್ನೊಂದು ಗುರುತು ಇಟ್ಕೊಳಿ. ಈ ಮುಂಚಿನ ಗುರುತು ದಾಟಿದ್ರೆ ಆಟ ನಿಲ್ಸಿ ದಡಕ್ಕೆ ಬರ್ಬೇಕು, ಬಂಡೆ ಅಂಚಿನ ಗುರುತು ಬರೋ ಅಷ್ಟರಲ್ಲಿ ಕೈಟ್ ಕೆಳಗಿಳಿದಿರ್ಬೇಕು. ಈ ನಿಯಮ ನಿಮಗೆ ನೀವೇ ಹಾಕ್ಕೊಂಡಿದ್ದು ಅಂತ ನೀರಲ್ಲಿ ಸಡಿಲ ಮಾಡ್ಬೇಡಿ.

ಆಮೇಲೆ ನೀರು ನೋಡಿ. ಅಲ್ಲಲ್ಲಿ ಬಿಳಿ ನೊರೆ ಇದ್ರೆ 11ರಿಂದ 16 ನಾಟ್, ತುಂಬ ಕಡೆ ಇದ್ರೆ 20ರ ಹತ್ರ, ಎಲ್ಲೆಲ್ಲೂ ನೊರೆ ಇದ್ದು ಗಾಳಿ ಅದರ ತುಂತುರನ್ನ ಹಾರಿಸ್ತಿದ್ರೆ 22 ದಾಟಿದೆ. ಕೈಲಿ ಅಳೆಯೋ ಮೀಟರ್ ಇದ್ರೂ ಕಣ್ಣಿಗೂ ಈ ಅಭ್ಯಾಸ ಮಾಡಿಸಿ. ಅಲೆ ಎಲ್ಲಿ ಒಡೀತಿದೆ, ಎಲ್ಲಿ ಒಡೀತಿಲ್ಲ ನೋಡಿ. ಅಲೆ ಒಡೆಯದೆ ನೀರು ಕಪ್ಪಾಗಿ, ಮೇಲ್ಮೈ ಕದಡಿದ ಹಾಗೆ ಕಾಣೋ ಪಟ್ಟಿ ಇದ್ರೆ ಅಲ್ಲಿಂದ ನೀರು ಹೊರಗೆ ಹರೀತಿದೆ ಅಂತ ಅರ್ಥ, ಬೋರ್ಡ್ ಕಳ್ಕೊಂಡಾಗ ಆ ಪಟ್ಟಿಯಲ್ಲಿ ಸಿಕ್ಕಿಹಾಕ್ಕೋಬಾರ್ದು. ಟ್ರೇಡ್ ವಿಂಡ್ ಎಬ್ಬಿಸೋ ಅಲೆ ಒಂದರ ಹಿಂದೆ ಒಂದು ಬೇಗ ಬೇಗ ಬರತ್ತೆ, ನಡುವೆ ಪುರುಸೊತ್ತು ಕಡಿಮೆ, ಆದ್ರೂ ದೊಡ್ಡವು ಗುಂಪಾಗಿ ಬಂದು ಹೋದ್ಮೇಲೆ ಚೂರು ಬಿಡುವು ಸಿಗತ್ತೆ, ಆ ಲಯ ಮನಸಿಗೆ ಹತ್ತೋ ತನಕ ನೋಡಿ. ಸಾರ್ಗಾಸಂ ಅನ್ನೋ ಕಂದು ಪಾಚಿ ರಾಶಿ ತೇಲ್ತಿದ್ರೆ ಅದನ್ನೂ ಲೆಕ್ಕಕ್ಕೆ ತಗೊಳಿ, ಫಿನ್‌ಗೆ, ಲೈನ್‌ಗೆ ಸುತ್ಕೊಂಡು ಬ್ರೇಕ್ ಹಾಕಿದ ಹಾಗಾಗತ್ತೆ, ಜಾಸ್ತಿ ಇದ್ರೆ ಅವತ್ತು ಬೇಡ.

ಕೊನೆಗೆ ಗಾಳಿ ಬರೋ ಕಡೆಯ ಆಕಾಶ. ಕಪ್ಪು ಮೋಡ, ಅದರ ಕೆಳಗೆ ಬೂದು ಪರದೆ ಹಾಗೆ ಮಳೆ ಕಂಡ್ರೆ ಅದು ಸ್ಕ್ವಾಲ್. ಮಳೆ ಬರೋದಕ್ಕೆ ಮುಂಚೆನೇ ಗಾಳಿ ಏಕ್ದಂ ಏರತ್ತೆ, ಆಮೇಲೆ ಸತ್ತುಹೋಗಬಹುದು. ಅಕ್ಟೋಬರ್‌ನಿಂದ ಜನವರಿ ತನಕ ಇದು ಜಾಸ್ತಿ. ನೀರಲ್ಲಿದ್ದಾಗ ಕಂಡ್ರೆ ಇನ್ನೊಂದು ರೌಂಡ್ ಅನ್ಕೋಬೇಡಿ, ಸೀದಾ ದಡಕ್ಕೆ.

ಸೆಟಪ್ ಮತ್ತು ಲಾಂಚ್

ಕೈಟ್ ಪಂಪ್ ಮಾಡೋವಾಗ ವಾಲ್ವ್ ಬಾಯಿಗೆ ಒದ್ದೆ ಮರಳು ಅಂಟಿದ್ಯಾ ನೋಡಿ, ಒಂದೆರಡು ಕಾಳು ಮರಳು ಸಾಕು ಗಾಳಿ ನಿಧಾನಕ್ಕೆ ಸೋರೋಕೆ, ಅದು ಗೊತ್ತಾಗೋದು ಅಲೆ ಮಧ್ಯೆ ಕೈಟ್ ಮೆತ್ತಗಾದಾಗ. ಲೀಡಿಂಗ್ ಎಡ್ಜ್ (ಗಾಳಿ ತುಂಬಿದ ಮುಂದಿನ ಅಂಚು) ಮೇಲೆ ಬೆರಳಲ್ಲಿ ಹೊಡೆದ್ರೆ ಟಣ್ ಅನ್ನಬೇಕು, ಅಲೆಗೆ ಬಿದ್ದಾಗ ಮಡಚದೆ ಇರೋಕೆ ಗಟ್ಟಿ ಬೇಕು. ಪಂಪ್ ಆದ್ಮೇಲೆ ಕೈಟ್ ಮಗುಚಿ ಹಾಕಿ ಮೇಲೆ ಸಾಕಷ್ಟು ಮರಳು ಸುರೀರಿ, ಇಲ್ಲಿನ ಗಾಳಿಗೆ ಎರಡು ಹಿಡಿ ಮರಳು ಯಾವ ಲೆಕ್ಕಕ್ಕೂ ಇಲ್ಲ.

ಲೈನ್ ಹಾಸಿ, ಬಾರ್‌ನಿಂದ (ಕೈಟ್ ತಿರುಗಿಸೋ ಹಿಡಿಕೋಲು) ಕೈಟ್ ತನಕ ನಡ್ಕೊಂಡು ಹೋಗ್ತಾ ಒಂದೊಂದೇ ಲೈನ್ ಬೆರಳ ಸಂದಿಯಲ್ಲಿ ಎಳ್ಕೊಂಡು ಹೋಗಿ, ಗಂಟು, ಸವೆತ ಕೈಗೇ ಸಿಗತ್ತೆ. ಎಡ ಬಲ ಅದಲುಬದಲಾಗಿದ್ರೆ ಕೈಟ್ ಎದ್ದ ಕೂಡ್ಲೇ ನೆಲಕ್ಕೆ ಗುದ್ದತ್ತೆ. ಆಮೇಲೆ ಕ್ವಿಕ್ ರಿಲೀಸ್ (ಕೈಟ್ ಎಳೆತದಿಂದ ತಕ್ಷಣ ಬಿಡಿಸೋ ಕೊಂಡಿ) ಒಂದ್ಸಲ ಪೂರ್ತಿ ಬಿಚ್ಚಿ ಮತ್ತೆ ಸೇರಿಸಿ. ಪ್ರತಿ ಸಲ. ಉಪ್ಪು, ಮರಳು ಸೇರಿ ಅದು ಬಿಗಿಯಾಗಿದ್ರೆ ಬೇಕಾದಾಗ ಕೈಕೊಡತ್ತೆ. ಬಾಡಿಗೆ ಗೇರ್ ಆದ್ರೆ ಇದರ ಡಿಸೈನ್ ನಿಮ್ಮದಕ್ಕಿಂತ ಬೇರೆ ಇರಬಹುದು, ಕಣ್ಣು ಮುಚ್ಕೊಂಡು ಕೈ ಅಲ್ಲಿಗೇ ಹೋಗೋ ತನಕ ಅಭ್ಯಾಸ ಮಾಡಿ.

ಲಾಂಚ್‌ಗೆ ಜೊತೆಗಾರ ಬೇಕು, ಸೆಲ್ಫ್ ಲಾಂಚ್ ಇಲ್ಲಿ ಬೇಡ. ಅವರು ಕೈಟ್ ಹಿಡ್ಕೊಂಡಿರ್ತಾರೆ, ನೀವು ಲೈನ್ ಬಿಗಿ ಮಾಡ್ಕೊಂಡು ನಿಧಾನಕ್ಕೆ ಗಾಳಿ ಬರೋ ಕಡೆಗೆ ನಡೀರಿ. ಕೈಟ್ ಬಟ್ಟೆ ಒಗೆದು ಒಣಹಾಕಿದ ಸೀರೆ ಬಡಿದ ಹಾಗೆ ಪಟಪಟ ಅಂತಿದ್ರೆ ಕೋನ ಇನ್ನೂ ಸರಿಯಾಗಿಲ್ಲ, ಒಂದೊಂದೇ ಹೆಜ್ಜೆ ಜಾಗ ಸರಿಮಾಡಿ, ಪಟಪಟ ನಿಂತು ಬಟ್ಟೆ ತುಂಬ್ಕೊಂಡ ಕ್ಷಣ ನಿಲ್ಲಿ. ನೀವು ಜಾಸ್ತಿ ಗಾಳಿ ಕಡೆಗೆ ಹೋಗಿದ್ರೆ ಕೈಟ್ ನಿಮ್ಮಿಂದ ನೇರ ಡೌನ್‌ವಿಂಡ್‌ನಲ್ಲಿ, ಪೂರ್ತಿ ಶಕ್ತಿಯಲ್ಲಿ ಏಳತ್ತೆ, ಅದು ತುಂಬ ಅಪಾಯ. ಇನ್ನೊಂದ್ಸಲ ನೋಡಿ, ಹೆಬ್ಬೆರಳು ಎತ್ತಿ, ಆಗ ಅವರು ಬಿಡ್ತಾರೆ. ಕೈಟ್ ಎದ್ದ ಮೇಲೆ ತಲೆ ಮೇಲೆ ನಿಲ್ಲಿಸಿಕೊಂಡು ಬೋರ್ಡ್ ಹುಡುಕ್ತಾ, ಗೋಪ್ರೋ ಆನ್ ಮಾಡ್ತಾ ನಿಲ್ಲೋದು ಬೇಡವೇ ಬೇಡ, ಗಸ್ಟ್ ಬಂದ್ರೆ ನೇರ ಮೇಲಕ್ಕೆ ಎತ್ತತ್ತೆ, ಬೀಳೋದು ನೆಲದ ಮೇಲೆ. ಕೈಟ್ ನೀರಿನ ಕಡೆ ತಗ್ಗಿಸಿ, ಬೋರ್ಡ್ ಕಂಕುಳಲ್ಲಿಟ್ಕೊಂಡು ಸೀದಾ ನೀರಿಗೆ ನಡೀರಿ.

ಅಲೆ ದಾಟೋದು

ಸೊಂಟದ ತನಕ ನೀರು ಬಂದಾಗ ನಿಂತು ಬಿಡುವು ಬರೋ ತನಕ ಕಾಯಿರಿ. ನೊರೆ ಬಂದಾಗ ಬೋರ್ಡ್ ನಿಮ್ಮ ಮತ್ತು ಅಲೆಯ ನಡುವೆ ಇರ್ಬಾರ್ದು, ಪಕ್ಕಕ್ಕೆ ಹಿಡೀರಿ. ಬಿಡುವು ಸಿಕ್ಕ ಕೂಡ್ಲೇ ಎದ್ದು ಹೊರಡಿ, ವೇಗ ಇರ್ಬೇಕು, ಕೈಟ್ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹತ್ತೂವರೆ ಅಥವಾ ಒಂದೂವರೆ ಎತ್ತರದಲ್ಲಿ ಇದ್ರೆ ಅಲೆ ಹತ್ತೋವಾಗ ಚೂರು ಮೇಲಕ್ಕೆ ಎಳೆದು ಹಗುರ ಆಗಬಹುದು. ನೊರೆ ಎದುರಾದ್ರೆ ಮಂಡಿ ಬಗ್ಗಿಸಿ, ಬೋರ್ಡ್ ಮೂತಿ ಎತ್ತಿ, ಅಲೆಗೆ ಹೆಚ್ಚುಕಮ್ಮಿ ನೇರ ಹೋಗಿ. ಅಲೆ ಒಡೆಯೋ ಜಾಗದಲ್ಲಿ ನಿಲ್ಲಬೇಡಿ, ತಿರುಗಬೇಡಿ, ಜಂಪ್ ಬೇಡ.

ಕೈಟ್ ಬೀಳೋದು ಎಲ್ಲಿ ಅನ್ನೋದ್ರ ಮೇಲೆ ಎಲ್ಲ ನಿಂತಿದೆ. ಅಲೆಗಳಾಚೆ ಬಿದ್ರೆ ಆರಾಮಾಗಿ ಎಬ್ಬಿಸಬಹುದು. ಒಡೆಯೋ ಜಾಗದಲ್ಲಿ ಬಿದ್ರೆ ಮುಂದಿನ ಅಲೆ ಅದನ್ನ ಉರುಳಿಸಿ ಲೈನ್ ಎಲ್ಲ ಸುತ್ತಿಸತ್ತೆ, ಹಾಗಾಗಿ ಬಿದ್ದ ತಕ್ಷಣ ಲೈನ್ ಬಿಗಿ ಇಟ್ಕೊಂಡು ಮೊದಲ ಅವಕಾಶದಲ್ಲೇ ಎಬ್ಬಿಸಿ.

ಬೇರೆಯವರು ಇದ್ದಾಗ ಬಲಗೈ ಮುಂದಿರೋನಿಗೆ ದಾರಿ ಬಿಡ್ಬೇಕು, ದಾಟೋವಾಗ ಅಪ್‌ವಿಂಡ್ ಇರೋನು ಕೈಟ್ ಮೇಲಕ್ಕೆ, ಡೌನ್‌ವಿಂಡ್ ಇರೋನು ಕೆಳಕ್ಕೆ, ಅಲೆ ಮೇಲಿರೋನಿಗೆ ತೊಂದರೆ ಕೊಡ್ಬಾರ್ದು. ದಡದಿಂದ ಹೊರಡ್ತಿರೋರಿಗೆ ಬರ್ತಿರೋರು ಜಾಗ ಕೊಡ್ತಾರೆ.

ಕೆಟ್ಟರೆ ಏನು ಮಾಡ್ಬೇಕು

ಎಳೆತ ಕೈಮೀರಿದ್ರೆ ಮೊದಲು ಬಾರ್ ಬಿಡಿ, ಕೈಟ್ ಶಕ್ತಿ ಕಳ್ಕೊಳತ್ತೆ. ಆಗಲಿಲ್ಲ ಅಂದ್ರೆ ಕ್ವಿಕ್ ರಿಲೀಸ್, ಕೈಟ್ ಒಂದೇ ಲೈನ್ ಮೇಲೆ ಬಾವುಟದ ಹಾಗೆ ಬೀಳತ್ತೆ. ಆಮೇಲೆ ಆ ಒಂದೇ ಲೈನ್ ಎಳ್ಕೊಂಡು ಬಾರ್‌ಗೆ ಸುತ್ತುತಾ ಬನ್ನಿ, ಬೆರಳಿಗೆ ಕೈಗೆ ಯಾವತ್ತೂ ಸುತ್ಕೋಬೇಡಿ, ಗಾಳಿ ಮತ್ತೆ ತುಂಬ್ಕೊಂಡ್ರೆ ಲೈನ್ ಬ್ಲೇಡ್ ಹಾಗೆ ಕೊಯ್ಯತ್ತೆ. ಸಾಕಷ್ಟು ಸುತ್ತಿ ಕೈಟ್ ಶಕ್ತಿ ಹಿಡಿಯಲ್ಲ ಅಂತ ಖಾತ್ರಿ ಆದ್ಮೇಲೆ ಎಲ್ಲ ಲೈನ್ ಒಟ್ಟಿಗೆ ಸುತ್ತಿ, ಬಾರ್ ತುದಿಗೆ ಗಂಟು ಹಾಕಿ, ಕೈಟ್ ತಲುಪಿ ಅದರ ಮೇಲೆ ಒರಗಿ, ರೆಕ್ಕೆ ತುದಿ ಎತ್ತಿ ಹಿಡಿದ್ರೆ ಹಾಯಿಯ ಹಾಗೆ ದಡಕ್ಕೆ ತರತ್ತೆ. ಇಷ್ಟೂ ಅಲೆಗಳ ಆಚೆ ಶಾಂತ ನೀರಲ್ಲಿ ಮಾಡೋ ಕೆಲಸ. ಒಡೆಯೋ ಅಲೆ ಮಧ್ಯೆ ಇದಕ್ಕೆ ಕೂರಬೇಡಿ, ಅಲ್ಲಿ ಲೈನ್‌ಗಳಿಂದ ದೂರ ಇರೋದೇ ಮೊದಲ ಕೆಲಸ. ಅಲೆ ಕೈಟನ್ನ ಹಿಡ್ಕೊಂಡು ನಿಮ್ಮನ್ನ ಬಂಡೆ ಕಡೆಗೆ ಎಳೀತಿದ್ರೆ ಕೈಟ್‌ಗೂ ನಿಮಗೂ ಸೇರಿಸಿರೋ ಸೇಫ್ಟಿ ಲೀಶ್ ಕೂಡ ಬಿಚ್ಚಿಬಿಡಿ, ಕೈಟ್ ಹೋಗ್ಲಿ, ಗಾಳಿ ಮತ್ತು ಸೆಳೆತಕ್ಕೆ ಅಡ್ಡವಾಗಿ ಮರಳಿರೋ ಕಡೆ ಈಜಿ. ಲಕ್ಷಗಟ್ಟಲೆ ದುಡ್ಡು ಕೊಟ್ಟ ಗೇರ್ ಬಿಡೋಕೆ ಮನಸು ಬರಲ್ಲ, ಅದಕ್ಕೇ ಇದನ್ನ ದಡದ ಮೇಲಿದ್ದಾಗ್ಲೇ ತೀರ್ಮಾನ ಮಾಡ್ಕೊಂಡು ಹೋಗಿ ಅಂತ ಹೇಳ್ತಿರೋದು.

ವಾಪಸ್ ಬರೋದು

ಕಾಲು ನಡುಗೋಕೆ ಶುರುವಾಗೋ ಮುಂಚೆನೇ ಬನ್ನಿ, ಸುಸ್ತಾದಾಗ ಅಪ್‌ವಿಂಡ್ ಹೋಗೋಕೆ ಆಗಲ್ಲ, ಜಾರ್ತಾ ಜಾರ್ತಾ ಆ ಗುರುತುಗಳ ಕಡೆಗೇ ಹೋಗ್ತೀರಿ. ಇಲ್ಲಿ ಸಂಜೆ ಬೇಗ ಕತ್ತಲಾಗತ್ತೆ, ಸೂರ್ಯ ದ್ವೀಪದ ಆ ಕಡೆ ಇಳಿಯೋದ್ರಿಂದ ನೀವಿರೋ ಕಡೆ ಅಲೆ ಬಂಡೆ ಬೇಗ ಮಸುಕಾಗತ್ತೆ, ಅದಕ್ಕೇ ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ ಮುಗಿಸಿ. ದಡಕ್ಕೆ ಬರೋವಾಗ ತಲೆ ಮೇಲೆ ಕೈ ತಟ್ಟಿ ತೋರಿಸಿದ್ರೆ ಲ್ಯಾಂಡ್ ಮಾಡಿಸಿ ಅಂತ ಅರ್ಥ, ಎಲ್ಲ ಊರಲ್ಲೂ ಕೈಟರ್‌ಗಳಿಗೆ ಇದು ಗೊತ್ತು. ಜೊತೆಗಾರ ಹಿಡ್ಕೊಂಡ ಮೇಲೆ ನೀವು ಅವರ ಕಡೆ ಎರಡು ಹೆಜ್ಜೆ ನಡೆದು ಲೈನ್ ಸಡಿಲ ಮಾಡಿ, ತಕ್ಷಣ ಹಾರ್ನೆಸ್ ಹುಕ್‌ನಿಂದ ಬಾರ್ ಬಿಡಿಸಿ.

ಮರಳಿನ ಮೇಲೆ ಬೇಲಿ ಕಟ್ಟಿರೋ ಜಾಗ ಕಂಡ್ರೆ ಅದು ಆಮೆ ಮೊಟ್ಟೆ ಇಟ್ಟಿರೋ ಗುರುತು, ಲೈನ್ ಹಾಸೋದಿರ್ಲಿ ಪಕ್ಕದಲ್ಲೂ ಓಡಾಡ್ಬೇಡಿ, ಕಾರನ್ನ ಮರಳಿಗೆ ಇಳಿಸ್ಬೇಡಿ. ಸೆಷನ್ ಮುಗಿದ ಮೇಲೆ ಜೊತೆಗಾರರಿಗೆ ಡಾಂಕಿ ಅಂತ ಹೇಳಿ, ಅಲ್ಲಿನವರ ಭಾಷೆ ಪಾಪಿಯಾಮೆಂಟೊದಲ್ಲಿ ಥ್ಯಾಂಕ್ಸ್ ಅದು, ಖುಷಿ ಪಡ್ತಾರೆ. ರೂಮಿಗೆ ಹೋಗಿ ಬಾರ್, ಕ್ವಿಕ್ ರಿಲೀಸ್, ಹಾರ್ನೆಸ್ ಹುಕ್ ಮೂರನ್ನೂ ಸಿಹಿನೀರಲ್ಲಿ ತೊಳೀರಿ, ಕೈಟ್ ನೆರಳಲ್ಲಿ ಒಣಗಿಸಿ. ಲೈನ್ ಸುತ್ತೋವಾಗ ಎಲ್ಲಾದ್ರೂ ಒರಟು ಸಿಕ್ಕಿದ್ರೆ ಅದನ್ನ ಆಗ್ಲೇ ಬದಲಾಯಿಸಿ, ಬೆಳಗ್ಗೆ ಬೀಚಲ್ಲಿ ಗಾಳಿ ಬೀಸ್ತಿರೋವಾಗ ಆ ಕೆಲಸಕ್ಕೆ ತಾಳ್ಮೆ ಇರಲ್ಲ.